ಕೂತ್ಕೊಳ್ಳಿ ಮೇಡಂ

ಮಾರುಕಟ್ಟೆ ಬೀದಿಯ ಬ್ಯಾಂಕಿಗೆ ಮ್ಯಾನೇಜರ್ ಆಗಿ ಬಂದ ವಾರದೊಳಗೇ ಆಕೆಗೆ ಅಡ್ಡಹೆಸರು ಅಂಟಿಕೊಂಡಿತು. ಬಾಗಿಲು ತಳ್ಳಿಕೊಂಡು ಯಾರೇ ಒಳಗೆ ಬರಲಿ, ಬಂದವರು ಬಾಯಿ ತೆರೆಯುವ ಮೊದಲೇ “ಕೂತ್ಕೊಳ್ಳಿ” ಅನ್ನುವುದು ಅವರ ರೂಢಿ. ಸಾಲ ಕೇಳಲು ಬಂದವರಿಗೂ ಕೂತ್ಕೊಳ್ಳಿ, ಕಾಲು ಕೆರೆದು ಜಗಳಕ್ಕೆ ಬಂದವರಿಗೂ ಕೂತ್ಕೊಳ್ಳಿ. ಒಮ್ಮೆ ಏಣಿ ಹತ್ತಿ ಫ್ಯಾನು ಒರೆಸುತ್ತಿದ್ದವನಿಗೂ ಕಾಗದದಿಂದ ತಲೆಯೆತ್ತದೆ ಹಾಗೇ ಅಂದುಬಿಟ್ಟರು. ಅವನು ಏಣಿಯ ಮೇಲೇ ಕೂತ. ಅಂದಿನಿಂದ ಬೀದಿಗೆಲ್ಲ ಅವರು ‘ಕೂತ್ಕೊಳ್ಳಿ ಮೇಡಂ’.

ಈ ರೂಢಿ ಹುಟ್ಟಿದ್ದು ಮೇಡಂ ಕ್ಲರ್ಕ್ ಆಗಿದ್ದ ಕಾಲದಲ್ಲಿ. ಆಗ ಬ್ಯಾಂಕಿನ ಕೌಂಟರೆಂದರೆ ಎದೆಮಟ್ಟ. ಹಿಂದೆ ಮೆತ್ತೆ ಹಾಕಿದ ಕುರ್ಚಿಯಲ್ಲಿ ಇವರು, ಮುಂದೆ ಸಾಲುಗಟ್ಟಿ ನಿಂತ ಊರು. ಚಿಲ್ಲರೆಗೆ ಜಗಳ, ಸಹಿಗೆ ಜಗಳ, ಮುಂದೆ ನುಗ್ಗಿದವನ ಮೊಣಕೈಗೆ ಜಗಳ. ಜಗಳವಾಡುವವರೆಲ್ಲ ನಿಂತವರೇ, ಕೂತವರು ಅಷ್ಟು ಸುಲಭವಾಗಿ ರೇಗುವುದಿಲ್ಲ ಎಂಬುದನ್ನು ಅವರು ಬಲುಬೇಗ ಕಂಡುಕೊಂಡರು. ಹಾಗಾಗಿ ಈ ಶಾಖೆ ತಮ್ಮ ಕೈಗೆ ಬಂದ ಕೂಡಲೇ ಬಡಗಿಯನ್ನು ಕರೆಸಿ ಕೌಂಟರನ್ನು ಮೇಜಿನೆತ್ತರಕ್ಕೆ ಕೊಯ್ಯಿಸಿದರು. ಆಮೇಲೆ ಕುರ್ಚಿಯ ಯೋಚನೆ. ಮುಖ್ಯ ಕಚೇರಿ ಕೊಟ್ಟ ಹಣ ಒಂದು ಬೆಂಚಿಗೂ ಸಾಲುವಂತಿರಲಿಲ್ಲ. ಅದೇ ಹೊತ್ತಿಗೆ ಬೀದಿಯ ಕೊನೆಯ ಚಿತ್ರಮಂದಿರ ಬಾಗಿಲು ಹಾಕಿತು. ಅದರ ಕೆಂಪು ರೆಕ್ಸಿನ್ ಸೀಟುಗಳನ್ನು ಮೇಡಂ ಸಾಲುಸಾಲಾಗಿಯೇ ಹೊರಿಸಿಕೊಂಡು ಬಂದರು. ಯಾರಾದರೂ ಎದ್ದರೆ ಸೀಟು ‘ಠಪ್’ ಎಂದು ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಮೊದಮೊದಲು ಬೆಚ್ಚಿಬೀಳುತ್ತಿದ್ದ ಕ್ಯಾಷಿಯರ್ ಕ್ರಮೇಣ ಅದಕ್ಕೆ ಒಗ್ಗಿಹೋದ.

ಸೀಟು ಬಂದ ಮೇಲೆ ಬ್ಯಾಂಕಿನಲ್ಲಿ ಜನ ಹೆಚ್ಚಾದರು. ವಹಿವಾಟು ಮಾತ್ರ ಅಷ್ಟಕ್ಕಷ್ಟೆ. ಇದನ್ನು ಪತ್ತೆ ಹಚ್ಚಿದವನು ಬಾಗಿಲ ಕಾವಲುಗಾರ.

“ಮೇಡಂ, ಆ ದೊಡ್ಡ ಬಟ್ಟೆ ಅಂಗಡಿ ಹುಡುಗಿ ದಿನಾ ಮಧ್ಯಾಹ್ನ ಬರ್ತಾಳೆ,” ಎಂದು ದನಿ ತಗ್ಗಿಸಿ ವರದಿ ಒಪ್ಪಿಸಿದ. “ದುಡ್ಡು ಕಟ್ಟೋ ಚೀಟಿ ತಗೋತಾಳೆ, ಬರೀತಾಳೆ, ಹರಿದು ಹಾಕ್ತಾಳೆ. ಇನ್ನೊಂದು ತಗೋತಾಳೆ. ಆಮೇಲೆ ಎದ್ದು ಹೋಗ್ತಾಳೆ. ಏನೋ ಮಸಲತ್ತಿದೆ.”

ಮರುದಿನ ಮಧ್ಯಾಹ್ನ ಮೇಡಂ ಹೋಗಿ ಆ ಹುಡುಗಿಯ ಪಕ್ಕದ ಸೀಟಿನಲ್ಲೇ ಕೂತರು. ಇಪ್ಪತ್ತರ ಆಸುಪಾಸಿನವಳು, ಅಂಗಡಿಯ ನೀಲಿ ಕೋಟು ಹಾಕಿದ್ದಳು. ಚಪ್ಪಲಿ ಕಳಚಿ ಪಾದಗಳನ್ನು ತಣ್ಣಗಿನ ನೆಲದ ಮೇಲೆ ಊರಿದ್ದಳು. ಮ್ಯಾನೇಜರನ್ನು ಕಂಡು ಧಡಕ್ಕನೆ ಏಳಹೋದಳು.

“ಕೂತ್ಕೋ, ಕೂತ್ಕೋ. ಏನು ಬರೀತಿದ್ದೀಯಾ ದಿನಾ?”

“ಏನಿಲ್ಲ ಮೇಡಂ.” ಅವಳ ಮುಖ ಕೆಂಪೇರಿತು. “ಅಂಗಡೀಲಿ ಕೂರೋ ಹಾಗಿಲ್ಲ. ಗಿರಾಕಿ ಇರಲಿ ಬಿಡಲಿ, ಕೂರೋ ಹಾಗಿಲ್ಲ. ಬಾಗಿಲು ತೆಗೆದಾಗ ನಿಂತ್ರೆ ಹಾಕೋವರೆಗೂ ನಿಂತೇ ಇರಬೇಕು. ಇಲ್ಲಿ ಬಂದ್ರೆ ಸ್ವಲ್ಪ ಹೊತ್ತು ಕಾಲು ಚಾಚಬಹುದಲ್ಲ ಅಂತ. ಸುಮ್ನೆ ಕೂತ್ರೆ ಬೈತೀರೇನೋ ಅಂತ ಬರೀತಾ ಇದ್ದೆ.”

ಮೇಡಂ ನಗುತ್ತಲೇ ಅವಳ ಬರಿಗಾಲನ್ನೊಮ್ಮೆ ನೋಡಿದರು. “ಚೀಟಿ ಹರೀಬೇಡಮ್ಮ, ಮುಖ್ಯ ಕಚೇರಿಯವರು ಕಾಗದಕ್ಕೆ ಅಳ್ತಾರೆ,” ಅಂದರು. “ಸುಮ್ನೆ ಬಂದು ಕೂತು ಹೋಗು. ಕಾವಲುಗಾರ ಕೇಳಿದ್ರೆ ಮ್ಯಾನೇಜರ್ ನೆಂಟಳು ಅನ್ನು.”

ವಾರ ಕಳೆಯುವುದರೊಳಗೆ ಮ್ಯಾನೇಜರಿಗೆ ನೆಂಟರು ಹೆಚ್ಚಿಬಿಟ್ಟರು. ಚಪ್ಪಲಿ ಅಂಗಡಿಯವರು, ಔಷಧಿ ಅಂಗಡಿಯವರು, ಪಾತ್ರೆ ಅಂಗಡಿಯವರು, ಎಲ್ಲರೂ ಊಟದ ಬಿಡುವಿನಲ್ಲಿ ಸರದಿಯ ಮೇಲೆ ಬಂದು ಕೂತು ಹೋಗುತ್ತಿದ್ದರು.

ಒಂದು ಸಂಜೆ ಮೇಡಂ ಮನೆಯಲ್ಲಿ ಇದನ್ನೆಲ್ಲ ವರ್ಣಿಸಿದರು. ಮನೆಯೆಂದರೆ ಕೆಳಗೆ ಗಂಡನ ಕನ್ನಡಕದ ಅಂಗಡಿ, ಮೇಲೆ ಎರಡು ಕೋಣೆ, ಅಡಿಗೆಮನೆ, ಬೀದಿಗೆ ಚಾಚಿದ ಒಂದು ಸಣ್ಣ ಬಾಲ್ಕನಿ. ಗಂಡ ಮಾತಿನಲ್ಲಿ ಬಲು ಜಿಪುಣ, ಹೇಳಬೇಕಾದ್ದನ್ನು ಕನ್ನಡಕದ ಮೇಲಿಂದ ನೋಡಿಯೇ ಮುಗಿಸುತ್ತಿದ್ದರು. ಅವರ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ಅವರ ತಾಯಿ, ಮೇಡಂ ಅವರ ಅತ್ತೆ. ಹರೆಯದಿಂದ ಕೂದಲು ನರೆಯುವವರೆಗೂ ಅವರು ಅದೇ ದೊಡ್ಡ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸುವ ಕೆಲಸ ಮಾಡಿದವರು. ಒಬ್ಬ ಗಿರಾಕಿಯನ್ನೂ ಬರಿಗೈಯಲ್ಲಿ ಕಳಿಸಲಿಲ್ಲ ಎನ್ನುವುದು ಅವರ ಹೆಮ್ಮೆ. ಸೊಸೆ ಪೂರ್ವ ಅಂದರೆ ಪಶ್ಚಿಮ ಅನ್ನುವುದು ಅವರ ನಿತ್ಯದ ವ್ಯಾಯಾಮ.

“ಏನು ಈಗಿನ ಕಾಲದ ಹುಡುಗೀರೋ!” ಎಂದರು ಅತ್ತೆ. “ನಾವು ನಿಲ್ಲಲಿಲ್ವಾ? ನಮಗೇನಾಯ್ತು? ನೀನು ಹೀಗೇ ಮುದ್ದು ಮಾಡು, ನಾಳೆ ಹಾಸಿಗೆ ಕೇಳ್ತಾರೆ.”

“ಹಾಸಿಗೆ ಕೇಳಿದಾಗ ನೋಡೋಣ ಬಿಡಿ ಅತ್ತೆ.”

“ನೋಡೋದೇನು, ಕೊಟ್ಟೇ ಬಿಡ್ತೀಯಾ ನೀನು!”

ಹಾಸಿಗೆ ಕೇಳುವ ಮೊದಲೇ ಮುಖ್ಯ ಕಚೇರಿಯ ತಪಾಸಣಾ ಅಧಿಕಾರಿ ಬಂದಿಳಿದರು. ಬಂದದ್ದು ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ. ನೀಲಿ ಕೋಟು, ಹಸಿರು ಕೋಟು, ಕಳಚಿಟ್ಟ ಚಪ್ಪಲಿಗಳ ಸಾಲು, ಗೊರಕೆ ಹೊಡೆಯುತ್ತಿದ್ದ ಪಾತ್ರೆ ಅಂಗಡಿಯ ಮುದುಕ, ಎಲ್ಲವನ್ನೂ ಕಣ್ತುಂಬ ನೋಡಿಕೊಂಡು, “ಇದು ಬ್ಯಾಂಕೋ, ಬಸ್ ನಿಲ್ದಾಣವೋ?” ಎಂದು ಕೇಳಿದರು. ಮೇಡಂ, “ಕೂತ್ಕೊಳ್ಳಿ, ಹೇಳ್ತೀನಿ,” ಅಂದರು. ಕೂರಲು ಸೀಟು ಖಾಲಿಯಿರಲಿಲ್ಲ. ಬಹುಶಃ ಅದೇ ಅಧಿಕಾರಿಗೆ ಹೆಚ್ಚು ಸಿಟ್ಟು ತರಿಸಿತು. ತಿಂಗಳೊಳಗೆ ಮೇಡಂಗೆ ದೂರದ ಊರಿಗೆ ವರ್ಗದ ಆದೇಶ ಬಂತು. ಸೀಟುಗಳನ್ನು ಕೀಳಿಸಬೇಕೆಂಬ ಸೂಚನೆಯೂ ಅದರ ಕೆಳಗೇ ಇತ್ತು.

ಮೇಡಂ ಅಳಲಿಲ್ಲ, ಕೂಗಾಡಲಿಲ್ಲ. ಆದರೆ ಕೊನೆಯ ದಿನ ಮಧ್ಯಾಹ್ನ ಬೀದಿಯ ಅಂಗಡಿಗಳ ಕೆಲಸಗಾರರೆಲ್ಲ ಒಬ್ಬೊಬ್ಬರಾಗಿ ಬ್ಯಾಂಕಿನೊಳಗೆ ಬರತೊಡಗಿದರು. ಬಂದವರು ಗೋಡೆಗೆ, ಕಂಬಕ್ಕೆ, ಕೌಂಟರಿಗೆ ಒರಗಿ ನಿಂತರು. ಒಂದು ಸೀಟು ಬಿಟ್ಟು ಉಳಿದವೆಲ್ಲ ಖಾಲಿ ಇದ್ದವು.

“ಯಾಕ್ರೋ, ಕೂತ್ಕೊಳ್ಳಿ,” ಅಂದರು ಮೇಡಂ.

“ಇಲ್ಲ ಮೇಡಂ,” ಅಂದಳು ಬಟ್ಟೆ ಅಂಗಡಿಯ ಹುಡುಗಿ. “ಇವತ್ತು ನಿಲ್ತೀವಿ.”

ಕೂತಿದ್ದವರು ಒಬ್ಬರೇ. ಊರಿನ ಹಳೇ ಶಾಸಕರು. ಮೊಣಕಾಲು ನೋವಿನ ಮುದುಕರು, ಪಿಂಚಣಿ ಬಿಡಿಸಿಕೊಳ್ಳಲು ಬಂದವರು. ಹಲವು ಚುನಾವಣೆ ಗೆದ್ದು ಇನ್ನು ಸಾಕೆಂದು ಕೈಚೆಲ್ಲಿದ್ದರು. ತಮ್ಮ ಕಡೆಯಿಂದ ಯಾರನ್ನು ನಿಲ್ಲಿಸುವುದೆಂದು ತಲೆ ಕೆಡಿಸಿಕೊಂಡಿದ್ದರು. ಜನ ತುಂಬಿದ ಬ್ಯಾಂಕನ್ನೂ ಖಾಲಿ ಸೀಟುಗಳನ್ನೂ ಅವರು ಒಂದೆರಡು ಸಲ ನೋಡಿದರು. ಆಮೇಲೆ ಕೋಲೂರಿಕೊಂಡು ಎದ್ದು ಮೇಡಂ ಕೋಣೆಗೆ ಬಂದರು.

“ಅಮ್ಮಾ, ನಾನು ಸಭೆ ಸೇರಿಸ್ಬೇಕಾದ್ರೆ ಲಾರಿ ಕಳಿಸ್ತಿದ್ದೆ. ನೀವು ಏನೂ ಕಳಿಸ್ದೆ ಸೇರಿಸಿದ್ದೀರಿ. ಈ ಸಲ ಚುನಾವಣೆಗೆ ನೀವು ನಿಲ್ಲಿ.”

“ನಾನಾ? ಜನರನ್ನ ಕೂರಿಸೋದೊಂದೇ ಸಾರ್ ನನಗೆ ಗೊತ್ತು. ನಿಲ್ಲೋದು ನನಗಾಗಲ್ಲ.”

“ಈಗ ನಿಂತ್ರೆ, ಮುಂದೆ ಐದು ವರ್ಷ ಕೂರಬಹುದಮ್ಮ,” ಅಂದರು ಶಾಸಕರು. “ನಾನು ಅಲ್ಲಿ ಮಾಡಿದ್ದೂ ಬಹುಪಾಲು ಅದನ್ನೇ.”

ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ ಕನ್ನಡಕದ ಮೇಲಿಂದ ನೋಡಿ, ಬಹಳ ಹೊತ್ತು ಯೋಚಿಸಿ, “ನಿಲ್ಲು,” ಅಂದರು. ಅವರ ಮಟ್ಟಿಗೆ ಅದೊಂದು ಭಾಷಣ. ಅತ್ತೆ ಮಾತ್ರ ಹೌಹಾರಿದರು. “ಕೈತುಂಬ ಸಂಬಳದ ಕೆಲಸ ಬಿಟ್ಟು ಬೀದಿ ಬೀದಿ ಅಲೀತೀಯಾ? ನಿನ್ನ ಬುದ್ಧಿಗೆ ಏನಾಗಿದೆ? ನನ್ನ ವೋಟು ಅಂತೂ ಕೇಳ್ಬೇಡ, ಅದು ಗುಟ್ಟು.”

ಮೇಡಂ ರಾಜೀನಾಮೆ ಕೊಟ್ಟರು. ಕಾಲಿಗೆ ಚಕ್ರ ಕಟ್ಟಿಕೊಂಡು ಊರು ಸುತ್ತಿದರು. ಹೋದ ಮನೆಯಲ್ಲೆಲ್ಲ ತಾವೇ ಮೊದಲು ಒಂದು ಮೂಲೆ ಹಿಡಿದು ಕೂತುಬಿಡುತ್ತಿದ್ದರು. ಭರವಸೆ ಕೊಡುವುದು ಅವರಿಗೆ ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ, ಸಾಲದ ಅರ್ಜಿ ನೋಡುವವರ ಹಾಗೆ, “ಇದು ಆಗುತ್ತೆ, ಇದು ಆಗಲ್ಲ, ಇದು ನೋಡ್ಬೇಕು,” ಅಂತ ಅಲ್ಲೇ ಹೇಳಿಬಿಡುತ್ತಿದ್ದರು. ಹಳೇ ಶಾಸಕರು ತಲೆ ಚಚ್ಚಿಕೊಂಡರು. ಜನಕ್ಕೆ ಅದೇ ಹಿಡಿಸಿತು. ಅಲ್ಪ ಅಂತರದಲ್ಲೇ ಆದರೂ ಮೇಡಂ ಗೆದ್ದರು. ಅತ್ತೆ ಯಾರಿಗೆ ವೋಟು ಹಾಕಿದರೋ ಇಂದಿಗೂ ಯಾರಿಗೂ ತಿಳಿಯದು. ಗೆದ್ದ ದಿನ ಮಾತ್ರ ಬಾಲ್ಕನಿಯಲ್ಲಿ ನಿಂತು, ಬಂದವರಿಗೆಲ್ಲ ಮೇಲಿಂದ ಕೈ ಬೀಸಿದವರು ಅವರೇ.

ಶಾಸನಸಭೆಯಲ್ಲಿ ಮೇಡಂಗೆ ಸಿಕ್ಕಿದ್ದು ಕೊನೆಯ ಸಾಲಿನ, ಕಂಬದ ಹಿಂದಿನ ಸೀಟು. ಮೊದಲ ದಿನ ಏನೋ ಕೇಳೋಣವೆಂದು ಎದ್ದು ನಿಂತರೆ, ಎತ್ತರದ ಪೀಠದಲ್ಲಿದ್ದ ಸಭಾಧ್ಯಕ್ಷರು ತಲೆಯೆತ್ತದೆ, “ಕೂತ್ಕೊಳ್ಳಿ,” ಅಂದರು. ಮತ್ತೊಮ್ಮೆ ಎದ್ದರು. “ಕೂತ್ಕೊಳ್ಳಿ, ಕೂತ್ಕೊಳ್ಳಿ.” ಮೇಡಂಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಸದಸ್ಯರು ಯಾಕೆಂದು ಕೇಳಿದಾಗ, “ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ಒಟ್ಟಿಗೆ ವಾಪಸ್ ಕೊಡ್ತಿದ್ದಾರೆ,” ಅಂದರು.

ಮೊದಲ ವರ್ಷವಿಡೀ ಅವರಿಂದ ಹೇಳಿಕೊಳ್ಳುವಂಥ ಕೆಲಸವೇನೂ ಆಗಲಿಲ್ಲ. ಆದರೆ ಬ್ಯಾಂಕಿನಲ್ಲಿ ಕಲಿತ ಒಂದು ಚಾಳಿ ಇತ್ತು. ಕೈಗೆ ಬಂದ ಕಾಗದವನ್ನು ಓದದೆ ಬಿಡುತ್ತಿರಲಿಲ್ಲ. ಆಯವ್ಯಯದ ದಪ್ಪ ಪುಸ್ತಕಗಳನ್ನು ಉಳಿದವರು ಬೀಸಣಿಗೆ ಮಾಡಿಕೊಂಡಿದ್ದರೆ ಇವರು ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದರು. ಕ್ರಮೇಣ ಎರಡೂ ಕಡೆಯ ಸದಸ್ಯರು ಬಿಡುವಿನ ವೇಳೆಯಲ್ಲಿ ಕಂಬದ ಹಿಂದೆ ಬಂದು, “ಮೇಡಂ, ಈ ಪುಟದಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಬಿಡಿಸಿ ಹೇಳಿ,” ಎಂದು ಕೇಳುವಂತಾಯಿತು. ಅವರನ್ನೆಲ್ಲ ಕೂರಿಸಿ ಹೇಳಿಕೊಡುತ್ತಿದ್ದರು. ಹೀಗೆ ಪಕ್ಷಭೇದವಿಲ್ಲದೆ ಸಂಪಾದಿಸಿದ ಸಲಿಗೆ ಮುಂದೆ ಕೆಲಸಕ್ಕೆ ಬಂತು.

ಎರಡನೆಯ ವರ್ಷ ಮೇಡಂ ತಮ್ಮ ಮಸೂದೆಯನ್ನು ಮಂಡಿಸಿದರು. ಅದರಲ್ಲಿದ್ದದ್ದು ಎರಡೇ ಸಾಲು. ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಇರಬೇಕು, ಗಿರಾಕಿ ಇಲ್ಲದಾಗ ಕೂತರೆ ಯಾರೂ ದಂಡ ಹಾಕಬಾರದು. ಸಭೆ ಗೊಳ್ಳೆಂದಿತು. ಪತ್ರಿಕೆಗಳು ಅದಕ್ಕೆ ‘ಸ್ಟೂಲ್ ಮಸೂದೆ’ ಎಂದು ಹೆಸರಿಟ್ಟವು. ಒಂದರಲ್ಲಂತೂ ಮೇಡಂ ತಲೆಯ ಮೇಲೆ ಸ್ಟೂಲ್ ಹೊತ್ತು ಓಡುತ್ತಿರುವ ವ್ಯಂಗ್ಯಚಿತ್ರ ಬಂತು. ಗಂಡ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಆದರೂ ಸಲಿಗೆಯ ಬಲದಿಂದ ಮಸೂದೆ ಬಿದ್ದುಹೋಗದೆ, ಸಾಧಕಬಾಧಕ ವಿಚಾರಿಸಲಿ ಎಂದು ಒಂದು ಸಮಿತಿಯ ಕೈಗೆ ಹೋಯಿತು.

ಈಗ ಬಿಸಿ ಮುಟ್ಟಿದ್ದು ಅಂಗಡಿ ಮಾಲೀಕರ ಸಂಘಕ್ಕೆ. ಅದರ ಅಧ್ಯಕ್ಷರು ಆ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರೇ, ತಂದೆಯಿಂದ ಅಂಗಡಿ ಪಡೆದವರು. ಗಟ್ಟಿ ಆಳು, ಮೃದು ಮಾತು. ಮೇಡಂ ಗಂಡನೂ ಸಂಘದ ಸದಸ್ಯರಾಗಿದ್ದರಿಂದ ಒಂದು ಸಂಜೆ ಅಧ್ಯಕ್ಷರು ನೇರ ಕನ್ನಡಕದ ಅಂಗಡಿಗೇ ಬಂದರು.

“ನಿಮ್ಮ ಮನೆಯವರಿಗೆ ಸ್ವಲ್ಪ ಹೇಳಬಾರದೇನ್ರೀ?”

ಗಂಡ ಗಾಜು ಒರೆಸುತ್ತಿದ್ದವರು ಕೈ ನಿಲ್ಲಿಸಿದರು. “ನನ್ನ ಮಾತನ್ನ ಈ ಮನೇಲಿ ಕೇಳಿಸ್ಕೊಂಡವರೇ ಇಲ್ಲ,” ಅಂದರು.

“ಕೇಳಿಸ್ಕೊಳ್ಳೋಕೆ ನೀನು ಮಾತಾಡಿದ್ದಾದ್ರೂ ಯಾವಾಗ?” ಎಂದು ಅಂಗಡಿಯ ಮೂಲೆಯಿಂದ ಅತ್ತೆಯ ದನಿ ಬಂತು. ಸಂಜೆಯ ಹೊತ್ತು ಅವರು ಅಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುವುದಿತ್ತು. “ನೀವು ಹೇಳೋದೇ ಸರಿ ಸಣ್ಣ ಸಾಹುಕಾರ್ರೇ. ನಿಮ್ಮ ತಂದೆ ಕಾಲದಲ್ಲಿ ನಾನು ಒಂದು ಆಯುಷ್ಯ ನಿಂತಿದ್ದೀನಿ. ಸ್ಟೂಲಂತೆ ಸ್ಟೂಲು! ನನ್ನ ಸೊಸೆಗೆ ಬೇರೆ ಕೆಲಸ ಇಲ್ಲ.”

ಅಧ್ಯಕ್ಷರ ಕಣ್ಣು ಅರಳಿತು. ಮಸೂದೆ ತಂದವರ ಅತ್ತೆ, ಜೀವಮಾನವೆಲ್ಲ ನಿಂತು ದುಡಿದವರು, ಅವರೇ ಬೇಡ ಅನ್ನುತ್ತಿದ್ದಾರೆ! ಇದಕ್ಕಿಂತ ಒಳ್ಳೆಯ ಸಾಕ್ಷಿ ಹುಡುಕಿದರೂ ಸಿಗದು.

“ಅಮ್ಮಾ, ಇದನ್ನೇ ಸಮಿತಿ ಮುಂದೆ ಬಂದು ಹೇಳ್ತೀರಾ?”

“ಅದಕ್ಕೇನು ಭಯವಾ? ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.”

ಅಂದು ಊಟಕ್ಕೆ ಕೂತಾಗ ಮೇಡಂಗೆ ವಿಷಯ ತಿಳಿಯಿತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. “ಅತ್ತೆ, ನೀವು ಅವರ ಕಡೆ ಸಾಕ್ಷಿನಾ?”

“ಹೂಂ. ಏನೀಗ? ಮನೆ ಬೇರೆ, ಅಭಿಪ್ರಾಯ ಬೇರೆ. ನೀನೇ ತಾನೇ ಭಾಷಣದಲ್ಲಿ ಹೇಳಿದ್ದು, ಎಲ್ಲರಿಗೂ ಬಾಯಿ ಇದೆ ಅಂತ?”

ಮೇಡಂ ಗಂಡನ ಮುಖ ನೋಡಿದರು. ಗಂಡ ಇಬ್ಬರಿಗೂ ನೀರು ಬಡಿಸಿದರು.

ಸಮಿತಿಯ ಸಭೆ ನಡೆದದ್ದು ಶಾಸನಸಭೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ. ಹಸಿರು ಬಟ್ಟೆ ಹಾಸಿದ ಮೇಜು, ಸುತ್ತ ಸದಸ್ಯರು, ಗೋಡೆಯ ಪಕ್ಕ ನೋಡಲು ಬಂದವರು. ಮೇಜಿನ ತಲೆಗೆ ಕೂತಿದ್ದ ಸಮಿತಿಯ ಮುಖ್ಯಸ್ಥರು ನಿವೃತ್ತ ವಕೀಲರು, ಅಳೆದು ತೂಗಿ ಮಾತಾಡುವವರು. ಸಾಕ್ಷಿ ತಮ್ಮ ಅತ್ತೆಯೇ ಆದ್ದರಿಂದ ಮೇಡಂ ಪ್ರಶ್ನೆ ಕೇಳುವ ಹಾಗಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಬಾಯಿಗೆ ಬೀಗ ಹಾಕಿಕೊಂಡು ಮೇಡಂ ಒಂದು ತುದಿಯಲ್ಲಿ ಕೂತರು. ಎದುರು ಗೋಡೆಗೆ ಒರಗಿ ಗಂಡ, ಅವರ ಪಕ್ಕ ಬಟ್ಟೆ ಅಂಗಡಿಯ ಹುಡುಗಿ.

ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಕೂದಲು ನೀವಿಕೊಂಡು ಬಂದರು.

“ಕೂತ್ಕೊಳ್ಳಿ ಅಮ್ಮ,” ಅಂದರು ಮುಖ್ಯಸ್ಥರು.

“ಬೇಡಪ್ಪ. ನಿಲ್ಲೋದು ಕಷ್ಟ ಅಲ್ಲ ಅಂತ ಹೇಳೋಕೇ ಬಂದಿದ್ದೀನಿ, ಕೂತು ಹೇಳಿದ್ರೆ ಚೆನ್ನಾಗಿರುತ್ತಾ?”

ಎಲ್ಲರೂ ನಕ್ಕರು. ಮಾಲೀಕರ ಸಂಘದ ಅಧ್ಯಕ್ಷರು ತೃಪ್ತಿಯಿಂದ ಕುರ್ಚಿಗೆ ಒರಗಿದರು.

“ನಿಂತು ಕೆಲಸ ಮಾಡೋದು ಒಂದು ವಿದ್ಯೆ,” ಎಂದು ಅತ್ತೆ ಶುರುಮಾಡಿದರು. “ಈಗಿನವರಿಗೆ ಅದು ಬರಲ್ಲ, ಅಷ್ಟೆ. ಮೊದಲನೇದು, ಎರಡೂ ಕಾಲ ಮೇಲೆ ನಿಲ್ಲಬಾರದು. ಒಂದು ಕಾಲು ನಮ್ಮದು, ಇನ್ನೊಂದು ಸಾಹುಕಾರ್ರದು ಅಂದ್ಕೋಬೇಕು. ಬೆಳಿಗ್ಗೆಯೆಲ್ಲ ಸಾಹುಕಾರ್ರ ಕಾಲ ಮೇಲೆ ನಿಂತು, ಅದು ಜುಮ್ಮೆಂದಾಗ ನಮ್ಮದಕ್ಕೆ ಬದಲಾಯಿಸ್ಕೋಬೇಕು.”

ಮತ್ತೆ ನಗು. ಅತ್ತೆಗೆ ಹುರುಪೇರಿತು.

“ಆಮೇಲೆ ಪಿನ್ನು ಬೀಳಿಸೋದು. ಕೈಯಿಂದ ಗುಂಡುಪಿನ್ನು ಬಿತ್ತು ಅಂದ್ಕೊಳ್ಳಿ, ಹುಡುಕೋಕೆ ಕೆಳಗೆ ಕೂರಲೇಬೇಕಲ್ಲ? ಅದಕ್ಕೆ ಯಾರೂ ಏನೂ ಅನ್ನಲ್ಲ. ನನ್ನಷ್ಟು ನಾಜೂಕಾಗಿ ಪಿನ್ನು ಬೀಳಿಸೋರು ಆ ಬೀದೀಲೇ ಇರಲಿಲ್ಲ. ಆದ್ರೆ ಒಬ್ಬಳು ಬೀಳಿಸಿದಾಗ ಇನ್ನೊಬ್ಬಳು ಬೀಳಿಸಬಾರದು, ಅನುಮಾನ ಬರುತ್ತೆ. ಸರದಿ ಪ್ರಕಾರ. ತೀರಾ ಆಗ್ದೇ ಇದ್ರೆ ಬಟ್ಟೆ ಹಾಕಿ ನೋಡೋ ಕೋಣೆ ಇರುತ್ತಲ್ಲ, ಅದರೊಳಗೆ. ಹೊರಗೆ ಒಬ್ಬಳು ಕಾಯ್ತಿರ್ತಾಳೆ. ಸಾಹುಕಾರ್ರು ಬಂದ್ರೆ ಕೆಮ್ತಾಳೆ. ಒಂದು ಸಲ ಒಬ್ಬಳಿಗೆ ನಿಜವಾಗ್ಲೂ ಕೆಮ್ಮು ಹಿಡಿದಿತ್ತು, ಅವತ್ತು ನಾವು ಕುಣಿದ ಕುಣಿತ ಕೇಳ್ಬೇಡಿ!”

ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಟಿಪ್ಪಣಿ ಬರೆಯುತ್ತಿದ್ದ ಗುಮಾಸ್ತರೂ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು.

“ನೀರಿನ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು,” ಎಂದು ಅತ್ತೆ ಮುಂದುವರಿದರು. “ಕುಡೀಬಾರದು. ಕುಡಿದ್ರೆ ಹೋಗಬೇಕಾಗುತ್ತೆ, ಹೋದ್ರೆ ಸಾಹುಕಾರ್ರು ಗಡಿಯಾರ ನೋಡ್ತಾರೆ. ಮನೆಗೆ ಹೋಗಿ ಒಟ್ಟಿಗೆ ಕುಡಿದ್ರಾಯ್ತು. ನೆತ್ತಿ ಸ್ವಲ್ಪ ಕಾಯುತ್ತೆ, ಅಭ್ಯಾಸ ಆಗುತ್ತೆ. ಇನ್ನು ಇವನು ಹೊಟ್ಟೇಲಿದ್ದಾಗ,” ಎಂದು ಗೋಡೆಗೆ ಒರಗಿದ್ದ ಮಗನತ್ತ ಕೈ ತೋರಿಸಿದರು, “ಬೆನ್ನು ಹಿಡ್ಕೊಳ್ತಿತ್ತು. ದಪ್ಪ ಬಟ್ಟೆಯ ಥಾನುಗಳನ್ನ ಗೋಡೆಗೆ ಒಟ್ಟಿ, ಅದಕ್ಕೆ ಬೆನ್ನು ಕೊಟ್ಟು ನಿಲ್ತಿದ್ದೆ. ಗಿರಾಕಿ ಬಂದು ಅದೇ ಥಾನು ಕೇಳಿದ್ರೆ ಮಾತ್ರ ಎದೆ ಧಸಕ್ ಅನ್ನೋದು. ‘ಆ ಬಣ್ಣ ನಿಮಗೆ ಒಪ್ಪಲ್ಲ’ ಅಂತ ಹೇಳಿ ಬೇರೇದು ತೋರಿಸ್ತಿದ್ದೆ. ನೋವು ಕಾಣಿಸ್ಕೊಳ್ಳೋ ದಿನದವರೆಗೂ ಹಾಗೇ ದಾಟಿಸಿದೆ ನೋಡಿ.”

ಈಗ ಯಾರೂ ನಗಲಿಲ್ಲ. ಮೇಡಂ ಗಂಡನತ್ತ ನೋಡಿದರು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು, ಅದು ಸ್ವಚ್ಛವಾಗಿಯೇ ಇದ್ದರೂ.

ಮುಖ್ಯಸ್ಥರು ಮೆಲ್ಲಗೆ ಕೇಳಿದರು. “ಕಾಲು ನೋಯ್ತಿರಲಿಲ್ವಾ ಅಮ್ಮ?”

“ಊದ್ಕೊಳ್ತಿತ್ತು. ಬಿಸಿನೀರಿನ ಬಕೆಟ್ಟಿನಲ್ಲಿಟ್ರೆ ಬೆಳಿಗ್ಗೆ ಹೊತ್ತಿಗೆ ಚಪ್ಪಲಿ ಹಿಡಿಸೋ ಅಷ್ಟು ಇಳೀತಿತ್ತು. ಈಗೇನಾಗಿದೆ ನನಗೆ? ನೋಡಿ ಬೇಕಾದ್ರೆ.” ಅತ್ತೆ ಉಟ್ಟ ಬಟ್ಟೆಯನ್ನು ಪಾದದಿಂದ ಒಂದಿಷ್ಟು ಮೇಲಕ್ಕೆತ್ತಿದರು. ಮೀನಖಂಡದ ಮೇಲೆ ನೀಲಿ ನರಗಳು ಹಳೆಯ ಮರದ ಬೇರುಗಳ ಹಾಗೆ ಹೆಣೆದುಕೊಂಡಿದ್ದವು. ಮದುವೆಯಾಗಿ ಬಂದಾಗಿನಿಂದ ಮೇಡಂ ಆ ಕಾಲುಗಳನ್ನು ನೋಡುತ್ತಲೇ ಇದ್ದರು. ಆದರೆ ಸರಿಯಾಗಿ ಕಂಡದ್ದು ಅಂದೇ.

“ಹಾಗಾದ್ರೆ ಸ್ಟೂಲ್ ಬೇಡ ಅನ್ನೋದು ನಿಮ್ಮ ಅಭಿಪ್ರಾಯ?”

“ಬೇಡವೇ ಬೇಡ. ಸ್ಟೂಲ್ ಕೊಟ್ಬಿಟ್ರೆ ಈ ವಿದ್ಯೆಯೆಲ್ಲ ಮರೆತೇ ಹೋಗುತ್ತೆ.”

ಸಂಘದ ಅಧ್ಯಕ್ಷರಿಗೆ ಮಾತಾಡಲು ಅವಕಾಶ ಕೊಟ್ಟಾಗ ಅವರು ಎದ್ದು ನಿಂತು ಅತ್ತೆಯನ್ನೇ ಕೇಳಿದರು. “ಅಮ್ಮಾ, ಶಾಲೆಗೆ ರಜೆ ಇದ್ದಾಗ ನಾನು ಅಂಗಡಿಗೆ ಬರ್ತಿದ್ದೆ. ನೆನಪಿದೆಯಾ?”

“ಇಲ್ದೇ ಏನು? ನಿಕ್ಕರು ಜಾರಿಸ್ಕೊಂಡು ಓಡಾಡ್ತಿದ್ರಿ.”

“ಪಿನ್ನು ಹುಡುಕೋಕೆ ನಾನೂ ಬಗ್ತಿದ್ದೆ. ‘ಬೇಗ ಹುಡುಕಿ ಕೊಟ್ಬಿಡ್ಬೇಡ ಮರಿ’ ಅಂತಿದ್ರಿ. ಯಾಕೆ ಅಂತ ಇವತ್ತು ಗೊತ್ತಾಯ್ತು.” ಅವರು ಸದಸ್ಯರ ಕಡೆ ತಿರುಗಿದರು. “ಸಂಘದ ಪರವಾಗಿ ನಾನು ಬೇರೇನೂ ಹೇಳಲ್ಲ ಸಾರ್. ಸ್ಟೂಲು ಎಷ್ಟು ಎತ್ತರ ಇರಬೇಕು ಅಂತ ಮಾತ್ರ ತಿಳಿಸಿ.”

ಗೋಡೆಯ ಪಕ್ಕದಲ್ಲಿದ್ದ ಬಟ್ಟೆ ಅಂಗಡಿಯ ಹುಡುಗಿ ತಾನೆಲ್ಲಿದ್ದೇನೆ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿಬಿಟ್ಟಳು. ಮುಖ್ಯಸ್ಥರು ಅವಳನ್ನು ಗದರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಮುನಿಸಿಕೊಂಡಿದ್ದರು. “ಇದೇನೇ ಇದು, ಅವನು ಹಾಗೆ ಕೈಕೊಟ್ಟುಬಿಟ್ಟ! ನಾನು ಸರಿಯಾಗೇ ಹೇಳಿದ್ನಲ್ಲ?”

“ಬಹಳ ಸರಿಯಾಗಿ ಹೇಳಿದ್ರಿ ಅತ್ತೆ,” ಅಂದರು ಮೇಡಂ. ಅತ್ತೆಯ ಕೈ ಹಿಡಿದುಕೊಂಡರು. ಅತ್ತೆ ಬಿಡಿಸಿಕೊಳ್ಳಲಿಲ್ಲ. ಹಿಂದಿನ ಸೀಟಿನಿಂದ ಗಂಡ ಬಾಗಿ ಹೆಂಡತಿಯ ಕಿವಿಯಲ್ಲಿ, “ಅಮ್ಮ ಬೇಕಂತಲೇ ಹೇಳಿದ್ಲಾ?” ಎಂದು ಪಿಸುಗುಟ್ಟಿದರು. ಮೇಡಂಗೂ ಗೊತ್ತಾಗಲಿಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ ಅತ್ತೆಯದು ಒಂದೇ ಉತ್ತರ. “ನಾನು ವಿರೋಧ ಮಾಡಿದ್ದೆ.”

ಮಸೂದೆ ಸಭೆಯಲ್ಲಿ ಅವಿರೋಧವಾಗಿ ಅಂಗೀಕಾರವಾಯಿತು. ಮಾರುಕಟ್ಟೆ ಬೀದಿಯಲ್ಲಿ ಸ್ಟೂಲುಗಳು ಬಂದವು. ಮರದವು, ಕಬ್ಬಿಣದವು, ಒಬ್ಬ ಜಿಪುಣ ಮಾಲೀಕ ತಂದ, ಕೂತರೆ ಕಿರ್ರೆನ್ನುವ ಪ್ಲಾಸ್ಟಿಕ್ಕಿನವು. ಬಡಗಿಗಳಿಗೆ ಸುಗ್ಗಿ. ಕೆಲವೆಡೆ ಸ್ಟೂಲು ಇಟ್ಟರೂ ಅದರ ಮೇಲೆ ಬಟ್ಟೆಯ ಗಂಟು ಇಟ್ಟು ಜಾಗವಿಲ್ಲದಂತೆ ಮಾಡುವವರಿದ್ದರು. ಅಂಥಲ್ಲಿಗೆ ಮೇಡಂ ಗಿರಾಕಿಯ ಹಾಗೆ ಹೋಗಿ, ಗಂಟು ಕೆಳಗಿಟ್ಟು, ತಾವೇ ಕೂತು ಹರಟೆ ಹೊಡೆದು ಬರುತ್ತಿದ್ದರು. ಒಂದೆರಡು ಸಲ ಹೀಗಾದರೆ ಮೂರನೆಯ ಸಲಕ್ಕೆ ಗಂಟು ಇರುತ್ತಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಮೇಡಂ ಸೋತರು. ಎದುರಾಳಿ ಯುವಕ ಮನೆಮನೆಗೆ ಹೋಗಿ, “ಸ್ಟೂಲು ಬಂತು ಸರಿ, ಚರಂಡಿ ಬಂತಾ?” ಎಂದು ಕೇಳಿದ್ದ. ಚರಂಡಿ ಬಂದಿರಲಿಲ್ಲ. ಎರಡು ಸಲ ಅರ್ಜಿ ಹಾಕಿ ಸುಮ್ಮನಾಗಿದ್ದೆ, ಬೆನ್ನು ಬೀಳಲಿಲ್ಲ ಎಂದು ಮೇಡಂ ಎಲ್ಲರೆದುರೂ ಒಪ್ಪಿಕೊಂಡರು. ಫಲಿತಾಂಶ ಬಂದ ಮರುದಿನ ಹೊತ್ತೇರುವವರೆಗೂ ಮಲಗಿದ್ದು, ಎದ್ದು ಚಹಾ ಕುಡಿದು, ಚರಂಡಿಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಹೊಸ ಶಾಸಕನ ಮನೆಗೆ ಹೋದರು. ಅವನು ಗಾಬರಿಯಾಗಿ ಎದ್ದು ನಿಂತ. ಆಯವ್ಯಯದ ಪುಸ್ತಕ ಓದುವುದು ಹೇಗೆಂದು ಅವನಿಗೆ ಹೇಳಿಕೊಟ್ಟವರೂ ಮೇಡಂ ಅವರೇ. ಚರಂಡಿ ಮುಂದಿನ ವರ್ಷ ಆಯಿತು.

ಅತ್ತೆ ಸೋಲನ್ನು ಅಷ್ಟು ಸಲೀಸಾಗಿ ತೆಗೆದುಕೊಳ್ಳಲಿಲ್ಲ. “ಕೃತಜ್ಞತೆ ಇಲ್ಲದ ಜನ,” ಎಂದು ವಾರವಿಡೀ ಬಾಲ್ಕನಿಯಿಂದ ಬೀದಿಯನ್ನು ದುರುಗುಟ್ಟಿಕೊಂಡು ನೋಡಿದರು.

ಮನೆಯಲ್ಲಿ ಸುಮ್ಮನೆ ಕೂರುವ ಭಾಗ್ಯ ಮೇಡಂಗೆ ಹೆಚ್ಚು ದಿನ ಸಿಗಲಿಲ್ಲ. ಅಂಗಡಿ ಕೆಲಸಗಾರರು ಸೇರಿ ತಮ್ಮದೇ ಒಂದು ಸಹಕಾರಿ ಬ್ಯಾಂಕು ಮಾಡಬೇಕೆಂದು ಹೊರಟಿದ್ದರು. ಉತ್ಸಾಹ ಬೆಟ್ಟದಷ್ಟು, ಅನುಭವ ಸೊನ್ನೆ. ಚಪ್ಪಲಿ ಅಂಗಡಿಯ ಮೇಲಿನ, ಇನ್ನೂ ಚರ್ಮದ ವಾಸನೆ ಹೋಗದ ಒಂದು ಕೋಣೆಯಲ್ಲಿ ಮೇಡಂ ಮತ್ತೆ ಬ್ಯಾಂಕಿನವರಾದರು. ಬಟ್ಟೆ ಅಂಗಡಿಯ ಹುಡುಗಿಯನ್ನು ಮೊದಲ ಗುಮಾಸ್ತೆಯಾಗಿ ತೆಗೆದುಕೊಂಡರು. ಅವಳು ಚುರುಕು. ಸಂಜೆ ಕಾಲೇಜಿಗೆ ಹೋಗಿ ಓದಿದಳು, ವರ್ಷಗಳು ಕಳೆದಂತೆ ಬಡ್ತಿ ಪಡೆದಳು. ಈಗ ಆ ಬ್ಯಾಂಕಿಗೆ ಅವಳೇ ಮ್ಯಾನೇಜರ್. ಮೇಡಂ ಏನಾದರೂ ಸಲಹೆ ಕೊಡಹೋದರೆ, “ನೋಡೋಣ ಮೇಡಂ, ಅರ್ಜಿ ಕೊಟ್ಟು ಹೋಗಿ,” ಎಂದು ನಗುತ್ತಾಳೆ.

ಹೀಗೆ ಬಿಡುವು ಸಿಕ್ಕಮೇಲೆ, ಕೂದಲೆಲ್ಲ ಬೆಳ್ಳಗಾದ ಮೇಡಂ ಈಜು ಕಲಿಯುವ ಹಟ ಹಿಡಿದಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಗಂಡನನ್ನೂ ಎಬ್ಬಿಸಿಕೊಂಡು ಊರಿನ ಈಜುಕೊಳಕ್ಕೆ ಹೋಗುತ್ತಾರೆ. ಗಂಡ ಯಾವಾಗ ಕಲಿತರೋ ಏನೋ, ಸದ್ದಿಲ್ಲದೆ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಾರೆ. ಮೇಡಂ ಮಾತ್ರ ಕೊಳದ ಅಂಚಿನ ಕಂಬಿಯನ್ನು ಅಷ್ಟು ಸುಲಭವಾಗಿ ಬಿಡುವವರಲ್ಲ. ಅತ್ತೆಗೆ ಈಗ ತೊಂಬತ್ತು ದಾಟಿದೆ, ಆದರೂ ಅವರನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ. ದಡದಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕೋಚ್ ಒಂದು ಹೇಳಿದರೆ ತಾವೊಂದು ಹೇಳುತ್ತಾರೆ. ಮೊನ್ನೆ ಮೇಡಂ ಮತ್ತೆ ಧೈರ್ಯ ಮಾಡಿ ಕಂಬಿ ಬಿಟ್ಟು, ನಾಲ್ಕು ಸಲ ಕೈಕಾಲು ಬಡಿದು, ಒಂದಿಷ್ಟು ನೀರು ಕುಡಿದು, ಕೆಮ್ಮುತ್ತಾ ಮೇಲೆದ್ದರು.

“ನಾನು ಹೇಳಿದ್ನಲ್ಲ, ನಿನಗೆ ಬರಲ್ಲ ಅಂತ!” ಎಂದು ಅತ್ತೆ ದಡದಿಂದ ಕೂಗಿದರು. ಆಮೇಲೆ ಕೋಚ್ ಕಡೆ ತಿರುಗಿ, ಸೊಸೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಅಂದರು: “ನಿನ್ನೆಗಿಂತ ಒಂದು ಮಾರು ಮುಂದೆ ಹೋದ್ಲು, ನೋಡಿದ್ಯಾ?”